ಸ್ವೆಟರ್ ಎಲ್ಲಿದೆ?

ಹಳೆಯ ಸ್ವೆಟರು ಬಿಚ್ಚಿ, ಉಣ್ಣೆ ತೊಳೆದು, ಹೊಸದಾಗಿ ಹೆಣೆದುಕೊಡುವುದು ಅವಳ ಕಸುಬು. ಬೀದಿಯವರು ಅವಳನ್ನು ಉಂಡೆಯಮ್ಮ ಎನ್ನುತ್ತಿದ್ದರು. ಉಣ್ಣೆಯ ಉಂಡೆಯಿಂದ ಬಂದ ಹೆಸರೋ, ಮೈಕಟ್ಟಿನಿಂದ ಬಂದದ್ದೋ, ಎದುರಿಗೆ ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮೊದಲೇ ಮಾತಿನಮಲ್ಲಿ.

ಒಮ್ಮೆ ಬೌದ್ಧ ಭಿಕ್ಷುವೊಬ್ಬರು ಮೊಣಕೈ ಹರಿದ ಸ್ವೆಟರು ತಂದರು. ಅವಳು ಅದನ್ನು ಬಿಚ್ಚಿ ಉಂಡೆ ಸುತ್ತಿದ ಮೇಲೆ, "ಈಗ ಸ್ವೆಟರ್ ಎಲ್ಲಿದೆಯಮ್ಮಾ?" ಎಂದು ಕೇಳಿದರು. ತೋಳಿನಲ್ಲಿತ್ತೇ, ಕತ್ತಿನಲ್ಲಿತ್ತೇ, ಎಳೆಯಲ್ಲಿತ್ತೇ? ಹುಡುಕಿದರೆ ಎಲ್ಲೂ ಸಿಗದು. ತೋರುವುದೇ ಬೇರೆ, ಇರುವ ಬಗೆಯೇ ಬೇರೆ. ಬುದ್ಧ ಹೇಳಿದ್ದೂ ಇದನ್ನೇ ಎಂದರು.

ಉಂಡೆಯಮ್ಮನಿಗೆ ಈ ಮಾತು ಬಲು ಹಿಡಿಸಿತು. ಅಂದಿನಿಂದ ಗಿರಾಕಿಗಳ ಪಾಡು ಕೇಳಬೇಡಿ. ಅಮ್ಮ ಹೆಣೆದದ್ದು, ಜೋಪಾನ ಎಂದು ಯಾರಾದರೂ ಕಣ್ಣು ಒರೆಸಿಕೊಂಡರೆ, "ಅಯ್ಯೋ, ಸ್ವೆಟರ್ ಅನ್ನೋದೇ ಇಲ್ಲ ಕಣಮ್ಮಾ, ಬರೀ ತೋರಿಕೆ. ಅಳೋದಕ್ಕೇನಿದೆ?" ಎಂದು ಸರ್ರನೆ ಎಳೆದುಬಿಡುತ್ತಿದ್ದಳು. ಹೇಳುವುದು ಸುಲಭ, ಕಂಡವರ ಮನೆಯ ಉಣ್ಣೆ ತಾನೆ!

ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವನ ನೀಲಿ ಸ್ವೆಟರನ್ನು ಮಾತ್ರ ಅವಳು ಬಿಚ್ಚಲಿಲ್ಲ. ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಚಳಿಗಾಲಕ್ಕೆ ತೆಗೆದು ನೋಡಿದರೆ ನುಸಿ ಹಿಡಿದು ಅಂಚೆಲ್ಲ ತೂತು. ಕೂಡಲೇ ಬಿಚ್ಚಿ ತೊಳೆದರೆ ಉಣ್ಣೆಯಾದರೂ ಉಳಿದೀತು. ಆದರೆ ಬಿಚ್ಚಿದರೆ ಅವನ ಹೆಗಲು, ಆ ಸಣ್ಣ ಹೊಟ್ಟೆ, ಎಲ್ಲದರ ಆಕಾರವೂ ಹೋಗುತ್ತದೆ. ಅವನನ್ನು ಇನ್ನೊಮ್ಮೆ ಕಳೆದುಕೊಳ್ಳುವಷ್ಟು ಗಟ್ಟಿ ಜೀವ ಅವಳದಲ್ಲ.

ಭಿಕ್ಷು ಬಂದಾಗ ಅವಳು ಅದನ್ನು ಅವುಚಿಕೊಂಡು ಕೂತಿದ್ದಳು. "ಇದೂ ಇಲ್ಲ ಅನ್ನಿ ನೋಡೋಣ ಸ್ವಾಮೀ!" ಎಂದು ರೇಗಿದಳು.

"ಇಲ್ಲ ಅಂತ ನಾನು ಯಾವತ್ತು ಹೇಳ್ದೆ ತಾಯಿ? ಹುಡುಕಿದ್ರೆ ಸಿಗಲ್ಲ ಅಂದೆ ಅಷ್ಟೆ. ಇಲ್ಲವೇ ಇಲ್ಲ ಅಂದ್ರೆ ನಿಮ್ಮ ಯಜಮಾನ್ರ ಚಳಿ ತಡೆದಿದ್ದು ಯಾವುದು? ನೀವು ಹೆಣೆದ್ರಿ, ಅವರು ತೊಟ್ರು, ಎಲ್ಲ ಕೂಡಿ ಸ್ವೆಟರ್ ಆಯ್ತು. ತನ್ನಷ್ಟಕ್ಕೆ ತಾನೇ ಇರೋದು ಯಾವುದೂ ಇಲ್ಲಮ್ಮ."

ಅರ್ಧ ಪಾಠ ಕಲಿತು ಬೀದಿಗೆಲ್ಲ ಹಂಚಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮರುದಿನ ಆ ನೀಲಿ ಸ್ವೆಟರನ್ನು ಬಿಚ್ಚಲು ಕೂತಳು. ಕಂಕುಳ ಹತ್ತಿರ ಎಳೆ ತಟ್ಟನೆ ನಿಂತಿತು. ನೋಡಿದರೆ ಗಂಟು! ಎಳೆ ತುಂಡಾದರೆ ತುದಿಗಳಿಗೆ ಎಂಜಲು ಹಚ್ಚಿ, ಅಂಗೈಯಲ್ಲಿ ಉಜ್ಜಿ ಒಂದು ಮಾಡುವವಳು ಅವಳು. ಗಂಟು ಹಾಕಿದವಳೇ ಅಲ್ಲ. ಇದೋ, ಮೂಟೆ ಕಟ್ಟುವವರು ಹಾಕುವಂಥದ್ದು. ಹರಿದದ್ದು ಗೊತ್ತಾದರೆ ಬೈಸಿಕೊಳ್ಳಬೇಕಾಗುತ್ತದೆಂದು ಗಂಡನೇ ಗುಟ್ಟಾಗಿ ಬಿಗಿದಿದ್ದ.

"ಅಲ್ರೀ, ಇದೂ ಒಂದು ಗಂಟೇನ್ರೀ!" ಎಂದು ನಕ್ಕಳು. ನಗುನಗುತ್ತಲೇ ಬಿಕ್ಕಿದಳು. ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

ಆ ಉಣ್ಣೆಯಲ್ಲಿ ಮೊಮ್ಮಗಳಿಗೆ ಸ್ವೆಟರು ಹೆಣೆದಳು. ಹುಡುಗಿ ತೊಟ್ಟವಳೇ ಕತ್ತು ಕೆರೆದುಕೊಂಡಳು.

"ಅಜ್ಜೀ, ಇಲ್ಲೇನೋ ಚುಚ್ಚುತ್ತೆ. ತೆಗೀ ಇದನ್ನ."

"ಚುಚ್ಚಲಿ ಬಿಡೇ," ಎಂದಳು ಉಂಡೆಯಮ್ಮ, ಕಾಲರನ್ನು ಸರಿಮಾಡುತ್ತಾ. "ನಿಮ್ಮಜ್ಜನ ಕೈಕೆಲಸ ಅದು. ತೊಡ್ತಾ ತೊಡ್ತಾ ಮೆತ್ತಗಾಗುತ್ತೆ."