ಮಾವನಿಗೊಂದು ಗಾಳದ ಕೋಲು

ಒಂದು ಗಾಳದ ಕೋಲು ಆರಿಸಲು ನನಗೆ ಏಳು ತಿಂಗಳು ಹಿಡಿಯಿತು. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಒಪ್ಪಿಗೆ ಹೇಳಿದವನು ನಾನು. ಹೆಂಡತಿ ಇದನ್ನು ಈಗಲೂ ಎತ್ತಿ ಆಡುತ್ತಾಳೆ. "ನನಗೆ ಅರ್ಧ ಗಂಟೆ, ಕೋಲಿಗೆ ಏಳು ತಿಂಗಳು!" ಕೋಲು ನನಗಲ್ಲ, ಮಾವನಿಗೆ ಎಂದು ಹೇಳಿದರೂ ಅವಳ ಲೆಕ್ಕ ಬದಲಾಗಲಿಲ್ಲ.

ಮಾವನೆಂದರೆ ನನ್ನ ತಾಯಿಯ ತಮ್ಮ. ದೊಡ್ಡಆಲಹಳ್ಳಿಯಲ್ಲಿ ಬೇಸಾಯ. ನನಗೆ ಹತ್ತು ವರ್ಷವಿದ್ದಾಗ, ಬೇಸಿಗೆ ರಜೆಯಲ್ಲಿ, ನಾನು ಅವನ ಗಾಳದ ಕೋಲನ್ನು ಅರ್ಕಾವತಿ ಹೊಳೆಗೆ ಬಿಟ್ಟುಕೊಟ್ಟೆ. ಅದು ಅಂತಿಂಥ ಕೋಲಲ್ಲ. ಗಟ್ಟಿ ಬಿದಿರನ್ನು ಆರಿಸಿ, ಒಲೆಯ ಮೇಲಿನ ಹೊಗೆಯಲ್ಲಿ ವರ್ಷಗಟ್ಟಲೆ ಒಣಗಿಸಿ, ಹರಳೆಣ್ಣೆ ಉಜ್ಜಿ ಮಾಡಿಕೊಂಡದ್ದು. ಮಾವ ಬೀಡಿ ಹಚ್ಚಲು ಅದನ್ನು ನನ್ನ ಕೈಗೆ ಕೊಟ್ಟ. ದಾರ ಒಮ್ಮೆ ಜಗ್ಗಿತು. ನಾನು ಬೆಚ್ಚಿ ಕೈಬಿಟ್ಟೆ. ಮನೆಗೆ ಬಂದು ಭಾರಿ ಮೀನು ಎಳೆದುಕೊಂಡು ಹೋಯಿತು ಎಂದೆ. ಆ ಮೀನು ನನ್ನ ಜೊತೆಯಲ್ಲೇ ಬೆಳೆಯಿತು. ನಾನು ಕಾಲೇಜು ಸೇರುವ ಹೊತ್ತಿಗೆ ಅದು ನನಗಿಂತ ಒಂದು ಗೇಣು ಉದ್ದವಾಗಿತ್ತು.

ಡೈರಿ ಬರೆಯುವ ಚಟ ನನಗೆ ಅಂಟಿದ್ದು ಕಾಲೇಜಿನಲ್ಲಿ. ಅದಕ್ಕೂ ಮೊದಲು ನಡೆದದ್ದಕ್ಕೆಲ್ಲ ನಾನೊಬ್ಬನೇ ಸಾಕ್ಷಿ, ಆ ಸಾಕ್ಷಿಯ ಮೇಲೆ ನನಗೆ ಅಂಥ ಭರವಸೆಯೇನೂ ಇಲ್ಲ. ಆದರೆ ಒಂದು ಸಂಗತಿ ಎಲ್ಲರಿಗೂ ಗೊತ್ತಿತ್ತು: ಆ ದಿನದ ನಂತರ ಮಾವ ಗಾಳ ಹಿಡಿದು ಹೊಳೆಗೆ ಹೋಗಲೇ ಇಲ್ಲ. ಒಬ್ಬ ಮನುಷ್ಯನ ಇಡೀ ಬದುಕಿನ ಖುಷಿಯನ್ನು ನೀರಿಗೆ ಬಿಟ್ಟವನು ನಾನು ಎಂಬ ಭಾರ ಮೂವತ್ತು ವರ್ಷ ನನ್ನ ಜೊತೆಗಿತ್ತು. ಹೊಸ ಕೋಲು ಕೊಟ್ಟು, ನಿಜ ಹೇಳಿ, ಹಗುರಾಗಬೇಕಿತ್ತು. ಮಾವನಿಗೆ ಎಪ್ಪತ್ತು ದಾಟಿತ್ತು.

ಹಾರೋಹಳ್ಳಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಆಗಷ್ಟೇ ಅಲ್ಲಿಗೆ ಇಂಟರ್ನೆಟ್ ಬಂದಿತ್ತು. ಊಟದ ವಿರಾಮದಲ್ಲಿ ಗಾಳದ ಕೋಲು ಹುಡುಕಲು ಹೊರಟವನು ಶೀತದೇಶಗಳ ಹೊಳೆಗೆ ಹೋಗಿ ಬಿದ್ದೆ. ಅಲ್ಲಿ ಟ್ರೌಟ್ ಎಂಬ ನಾಜೂಕಿನ ಮೀನು. ಅದಕ್ಕೆ ಹುಳು ಹಾಕುವುದಿಲ್ಲ. ಕೋಳಿಯ ಪುಕ್ಕ, ನೂಲು ಸುತ್ತಿ ಕಟ್ಟಿದ ಸುಳ್ಳು ನೊಣವನ್ನು ತೋರಿಸುತ್ತಾರೆ. ನೊಣಕ್ಕೆ ತೂಕವಿಲ್ಲ, ಎಸೆದರೆ ಮೂಗಿನ ಮುಂದೆಯೇ ಬೀಳುತ್ತದೆ. ಆದ್ದರಿಂದ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿ, ದಾರದ ಬೀಸಿನಲ್ಲಿ ನೊಣವನ್ನು ಸಾಗಿಸುತ್ತಾರೆ. ಕೋಲಿಗೊಂದು ನಂಬರು, ದಾರಕ್ಕೊಂದು ನಂಬರು, ಎರಡರ ಜಾತಕವೂ ಕೂಡಿಬರಬೇಕು. ಇದನ್ನು ಓದಿದಾಗ ನನ್ನ ಮೀನಿನ ಕತೆ ನೆನಪಾಯಿತು. ನಡೆದದ್ದು ನೊಣದಷ್ಟು, ಹೇಳಿ ಹೇಳಿ ದಪ್ಪವಾದ ದಾರವೇ ಅದನ್ನು ಮೂವತ್ತು ವರ್ಷ ದೂರಕ್ಕೆ ಎಸೆದಿತ್ತು.

ಅರ್ಕಾವತಿಯಲ್ಲಿ ಟ್ರೌಟ್ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಬೆಂಗಳೂರಿನ ಅಂಗಡಿಯಲ್ಲಿ ಆ ಸುಳ್ಳು ನೊಣ ಎಸೆಯುವ ಒಂಬತ್ತಡಿಯ ಕೋಲನ್ನೇ, ಫ್ಲೈ ರಾಡನ್ನೇ, ಕೊಂಡೆ. ಓದಿದವರು ಮಾಡುವ ತಪ್ಪೇ ಇದು: ಹೊಳೆ ನೋಡಿ ಕೋಲು ಆರಿಸುವುದಿಲ್ಲ, ಪುಸ್ತಕ ನೋಡಿ ಆರಿಸುತ್ತಾರೆ. ಹಿಂದೆ ಇಂಥ ದಾರವನ್ನು ರೇಷ್ಮೆಯಿಂದ ಹೆಣೆಯುತ್ತಿದ್ದರು ಎಂದು ಓದಿದ ಮೇಲಂತೂ ನನ್ನನ್ನು ಹಿಡಿಯುವವರಿರಲಿಲ್ಲ. ರೇಷ್ಮೆಗೆ ರಾಮನಗರ ಬಿಟ್ಟು ಬೇರೆಲ್ಲಿಗೆ ಹೋಗಲಿ? ಗೂಡಿನಿಂದ ನೂಲು ಬಿಚ್ಚುವ ನಯಾಜ್ ನನ್ನ ಹೈಸ್ಕೂಲಿನ ಗೆಳೆಯ.

"ಏನ್ ಗುರೂ, ಮೀನ್ಗೆ ರೇಷ್ಮೇನಾ? ಇಲ್ಲಿ ನಮ್ ಹೆಂಗಸ್ರಿಗೇ ಗತಿ ಇಲ್ಲ!" ಎಂದು ನಕ್ಕರೂ, ಎಳೆಗೆ ಎಳೆ ಸೇರಿಸಿ, ಹುರಿ ಹಾಕಿಸಿ, ಬಂಗಾರದಂಥ ದಾರ ಕೊಟ್ಟ.

ಒಂದು ಭಾನುವಾರ ಬೆಳಿಗ್ಗೆ ಮಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಳೆಗೆ ಹೋದೆ. ನೀರಿನ ಅಂಚಿನಲ್ಲಿ ನೊರೆಯಿತ್ತು. "ಇದು ನಮ್ಮ ಕಾರ್ಖಾನೇದಲ್ಲ" ಎಂದೆ. ಯಾರೂ ಕೇಳಿರಲಿಲ್ಲ.

ಮಾವ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದೇನ್ಲಾ, ಬಾರುಕೋಲು ಇದ್ದಂಗೈತೆ." ಸುಳ್ಳು ನೊಣವನ್ನು ಬಿಚ್ಚಿ ನನ್ನ ಜೇಬಿಗೆ ಹಾಕಿದ. ಮಾಮೂಲಿ ಗಾಳ ಕಟ್ಟಿ, ಮನೆಯಿಂದ ತಂದಿದ್ದ ರಾಗಿಮುದ್ದೆಯ ಉಂಡೆ ಮೆತ್ತಿದ. ನಾನು ಕೋಲನ್ನು ಇಸಿದುಕೊಂಡು, ಓದಿದ್ದಂತೆಯೇ ಹಿಂದಕ್ಕೆ ಮುಂದಕ್ಕೆ ಎರಡು ಬಾರಿ ಬೀಸಿದೆ. ದಾರ ಹೊಳೆಯ ಕಡೆ ಹೋಯಿತು, ಮುದ್ದೆ ಬೈಕಿನ ಕಡೆ ಹೋಯಿತು.

ಅಷ್ಟರಲ್ಲಿ ದಾರವೂ ಕೈಕೊಟ್ಟಿತು. ನೀರು ಕುಡಿದು, ಲೋಳೆಲೋಳೆಯಾಗಿ, ಒಂದಕ್ಕೊಂದು ಅಂಟಿಕೊಂಡಿತು. ಕಚ್ಚಾ ರೇಷ್ಮೆಯ ಅಂಟನ್ನು ಬೇಯಿಸಿ ತೆಗೆಯಬೇಕು. ರಾಮನಗರದವರು ನೂಲು ಬಿಚ್ಚಿ ಮಾರುವವರು. ಆ ನೂಲನ್ನು ಬೇಯಿಸುವುದು ದೂರದ ನೇಕಾರರ, ಬಣ್ಣದವರ ಕೆಲಸ. ಹಾಗಾಗಿ ನಯಾಜನಿಗೆ ಅದು ಹೊಳೆಯಲಿಲ್ಲ. ಕೆಮಿಸ್ಟನಿಗೆ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳದಿದ್ದರೆ ಉಪಕಾರ.

ಮಾವ ನಗುವುದನ್ನು ನಿಲ್ಲಿಸಿ, ಅಂಗಿಯ ಜೇಬಿನಿಂದ ನೈಲಾನ್ ದಾರದ ಸುರುಳಿ ತೆಗೆದ. ಕನಕಪುರದ ಅಂಗಡಿಯಲ್ಲಿ ಮೊದಲೇ ಕೊಂಡು ಇಟ್ಟುಕೊಂಡಿದ್ದನಂತೆ. ಕೋಲಿನ ತುದಿಗೇ ಅದನ್ನು ಕಟ್ಟಿ, ಗಾಳಕ್ಕೆ ಮತ್ತೆ ಮುದ್ದೆ ಮೆತ್ತಿ, ಬೀಸದೆ, ಮೆಲ್ಲಗೆ ನೀರಿಗೆ ಇಳಿಬಿಟ್ಟ. ಇಬ್ಬರೂ ಕೂತೆವು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

"ಮಾವ, ಅವತ್ತು ಮೀನು ಎಳಕೊಂಡು ಹೋಗಲಿಲ್ಲ. ನಾನೇ ಹೆದರಿ ಕೋಲು ಬಿಟ್ಟುಬಿಟ್ಟೆ."

ಮಾವ ನನ್ನ ಮುಖವನ್ನೇ ನೋಡಿದ. "ನಿನ್ ಕೈಗೆ ಎಲ್ಲಿ ಕೊಟ್ಟಿದ್ನಲಾ ನಾನು? ಬೀಡಿ ಹಚ್ಚಾನ ಅಂತ ತೊಡೆ ಸಂದೀಲಿ ಇಟ್ಕಂಡಿದ್ದೆ, ಜಾರ್ಕಂಡ್ ಹೋಯ್ತು. ನಿಮ್ಮತ್ತೆ ಆಡ್ಕಂತಾಳೆ ಅಂತ ನಿನ್ನ ಹೆಸ್ರು ಹೇಳ್ಬುಟ್ಟೆ. ಮಗೀನ ಮ್ಯಾಲೆ ಹಾಕ್ಬುಟ್ನಲ್ಲಾ ಅಂತ ಆಮ್ಯಾಕೆ ಒಸಿ ನಾಚ್ಕೆ ಆಯ್ತು. ಅದ್ಕೇ ಹೊಳೆ ಕಡೀಕೆ ಹೋಗ್ಲಿಲ್ಲ."

 ಅಂಗೈಗೆ ದಾರ ಜಗ್ಗಿದ್ದು ಈಗಲೂ ನನಗೆ ಗೊತ್ತಾಗುತ್ತದೆ. ಹಾಗಾದರೆ ಅದು ನೆನಪೋ, ಅಥವಾ ಎಲ್ಲರೂ ಬೈದ ಮೇಲೆ ನನ್ನ ಕೈ ತಾನೇ ಕಟ್ಟಿಕೊಂಡ ಸುಳ್ಳು ನೊಣವೋ? ಮಾವನೇ ನನ್ನ ಮನಸ್ಸು ಹಗುರ ಮಾಡಲು ಈಗ ಅಂಥದೇ ಇನ್ನೊಂದು ಕಟ್ಟಿದನೋ? ಕೇಳಿದೆ. "ಸುಳ್ಳು ಯಾಕ್ ಹೇಳ್ಲಿ, ಬೀಡಿ ಹಚ್ಚಿದ್ದಂತೂ ದಿಟ" ಎಂದ. ನಮ್ಮಿಬ್ಬರ ಕತೆಗಳೂ ಒಪ್ಪುವುದು ಆ ಬೀಡಿಯೊಂದನ್ನೇ.

ಸ್ವಲ್ಪ ಹೊತ್ತಿಗೆ ಅವನ ಕೈ ಜೇಬಿನ ಕಡೆ ಹೋಯಿತು. ನಾನು ಕೋಲಿಗಾಗಿ ಕೈ ಚಾಚಿದೆ. ಮಾವ ನನ್ನ ಕೈ ನೋಡಿದ, ತನ್ನ ತೊಡೆ ನೋಡಿಕೊಂಡ. ಆಮೇಲೆ ಹೆಗಲ ಟವೆಲ್ಲನ್ನು ತೆಗೆದು, ಕೋಲಿನ ಹಿಡಿಯನ್ನು ಪಕ್ಕದ ಹೊಂಗೆಯ ಬೇರಿಗೆ ಎರಡು ಗಂಟು ಹಾಕಿ ಬಿಗಿದ.

"ನಿನ್ನೂ ನಂಬಂಗಿಲ್ಲ, ನನ್ನೂ ನಂಬಂಗಿಲ್ಲ ಕಣ್ಲಾ" ಎಂದು ನಿಶ್ಚಿಂತೆಯಿಂದ ಬೀಡಿ ಹಚ್ಚಿದ.