ದಾವಲಸಾಬನ ಡೈರೆಕ್ಟ್ ಬಸ್ಸು

ಇವತ್ತು ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಅರ್ಧ ಪುಟದ ತುಂಬ ವಿಮಾನ. ಹುಬ್ಬಳ್ಳಿಯಿಂದ ಇನ್ನೂ ಕೆಲವು ಊರುಗಳಿಗೆ ನೇರ ಹಾರಾಟವಂತೆ. ನಡುವೆ ಎಲ್ಲೂ ಇಳಿಯಬೇಕಿಲ್ಲ, ಬದಲಿಸಬೇಕಿಲ್ಲ. "ಎಂಥಾ ಸುಖ ನೋಡಜ್ಜಾ" ಅಂದಳು ಮೊಮ್ಮಗಳು. ನಾನು ವಿಮಾನ ಹತ್ತಿದವನಲ್ಲ. ಆದರೆ ನೇರ ಹೋಗುವ ಸುಖವನ್ನು ನನಗೆ ಕಲಿಸುವವರು ಈ ದಾಂಡೇಲಿಯಲ್ಲಿ ಇನ್ನೂ ಹುಟ್ಟಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಸ್ವಲ್ಪ ಕೂತು ಕೇಳಿ.

ಅರವತ್ತರ ದಶಕದ ಮಾತು. ಇದೇ ದಾಂಡೇಲಿಯ ಅಂಬೇವಾಡಿಯ ಒಂದು ಕೋಣೆಯಲ್ಲಿ ನನ್ನ ಬಿಡಾರ, ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಆಗ ಜೊಯಿಡಾದವರು ಧಾರವಾಡಕ್ಕೆ ಹೋಗಬೇಕೆಂದರೆ ದಾಂಡೇಲಿಯಲ್ಲಿ ಇಳಿದು ಹತ್ತಬೇಕು, ಹಳಿಯಾಳದಲ್ಲಿ ಇಳಿದು ಹತ್ತಬೇಕು. ಒಂದು ತಪ್ಪಿದರೆ ಆ ದಿನವೇ ತಪ್ಪಿದ ಹಾಗೆ. ಕೊನೆಗೆ ನಮ್ಮ ಮಾಲಕರು ಮನಸ್ಸು ಮಾಡಿದರು: ಜೊಯಿಡಾದಿಂದ ಧಾರವಾಡಕ್ಕೆ ಒಂದೇ ಬಸ್ಸು, ದಾಂಡೇಲಿ ಹಳಿಯಾಳ ಬಿಟ್ಟರೆ ಎಲ್ಲೂ ನಿಲ್ಲುವುದಿಲ್ಲ. ಒಂದು ತಿಂಗಳು ನೋಡುವುದು, ಹೊತ್ತಿಗೆ ಮುಟ್ಟದಿದ್ದರೆ ಬಂದ್.

"ಕೈ ಮಾಡಿದವರಿಗೆಲ್ಲ ನಿಲ್ಲಿಸಿದ್ರ ಅದು ಡೈರೆಕ್ಟ್ ಹೆಂಗಾಗತೈತಿ?" ಎಂದು ಡ್ರೈವರ್ ದಾವಲಸಾಬನಿಗೆ ಖಡಕ್ಕಾಗಿ ಹೇಳಿದ್ದರು. ನಾನವನಿಗೆ ದಾವಲಣ್ಣ ಅನ್ನುತ್ತಿದ್ದೆ. ಹಳಿಯಾಳದವನು, ಮಾತು ಕಡಿಮೆ. ಬಸ್ಸಿನ ಮುಂಗಾಜನ್ನು ತನ್ನ ಕನ್ನಡಕಕ್ಕಿಂತ ಚೊಕ್ಕ ಒರೆಸುವ ಮನುಷ್ಯ.

ಮೊದಲ ದಿನ ಜೊಯಿಡಾದಲ್ಲಿ ಒಬ್ಬಳು ಹುಡುಗಿ ತಗಡಿನ ಟ್ರಂಕು ಹಿಡಿದು ಎಲ್ಲರಿಗಿಂತ ಮೊದಲು ಹತ್ತಿದಳು. ಶೇವಂತಿ ಅಂತ ಹೆಸರು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತ ಕನ್ನಡ. ಮಾಸ್ತರಿಕೆ ತರಬೇತಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತ್ತು. ಅಂದು ಹತ್ತೂವರೆಯೊಳಗೆ ಹಾಜರಾಗಬೇಕು.

"ಹೋದ ವರ್ಷವೂ ಸಿಕ್ಕಿತ್ತು. ಹಳಿಯಾಳದಲ್ಲಿ ಬಸ್ಸು ತಪ್ಪಿತು, ಸೀಟು ಬೇರೆಯವರಿಗೆ ಹೋಯಿತು" ಅಂದಳು. "ಇನ್ನೊಂದು ಸಲ ಅಪ್ಪ ಕಳಿಸುವುದಿಲ್ಲ."

ದಾವಲಣ್ಣ ಹೊರಳಿ ನೋಡಲಿಲ್ಲ. "ಕುಂಡ್ರವಾ. ಮುಟ್ಟಸ್ತೇನಿ" ಅಂದ.

ದಾಂಡೇಲಿ ದಾಟಿ ಸ್ವಲ್ಪ ದೂರಕ್ಕೆ, ಕಾಗದದ ಮಿಲ್ಲಿಗೆ ಬಿದಿರು ತರುತ್ತಿದ್ದ ಲಾರಿಯೊಂದು ದಾರಿಗೆ ಅಡ್ಡ ವಾಲಿ, ಬಿದಿರೆಲ್ಲ ರಸ್ತೆಯ ಮೇಲೆ ಚೆಲ್ಲಿತ್ತು. ಪಾಳಿ ಮುಗಿಸಿ ಊರಿಗೆ ಹೊರಟಿದ್ದ ಮಿಲ್ಲಿನ ಕೆಲಸಗಾರರು ನಮ್ಮ ಬಸ್ಸಿನಲ್ಲಿದ್ದರು. ಯಾರೂ ಹೇಳದೆ ಇಳಿದರು, ತೋಳು ಏರಿಸಿದರು, ದಾರಿ ತೆರವು ಮಾಡಿದರು. ನಾನೂ ಕೈ ಹಚ್ಚಿದೆ. ನನ್ನ ಪಾಲಿಗೆ ಬಂದದ್ದು ಎರಡು ಬಿದಿರು, ಒಂದು ಮುಳ್ಳು. ಅರ್ಧ ತಾಸು ಹೋಯಿತು.

ಹಳಿಯಾಳ ಬಿಟ್ಟು ಎರಡು ಮೈಲಿ ಆಗಿತ್ತು. ರಸ್ತೆ ಪಕ್ಕದ ಹಳ್ಳಿಯೆದುರು ಹತ್ತೆಂಟು ಜನ ನಿಂತಿದ್ದರು. ಅವರ ಮುಂದೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಬಿಳಿ ಟೋಪಿ ತೊಟ್ಟ ಹಿರಿಯರೊಬ್ಬರು ಕೊಡೆ ಎತ್ತಿ ಹಿಡಿದಿದ್ದರು. ನಾನು ಡ್ರೈವರ್ ಸೀಟಿನತ್ತ ಬಗ್ಗಿದೆ.

"ಅಣ್ಣಾ, ನಿನ್ನ ಮಾವ ಅಲ್ಲೇನು?"

"ಹೌದು."

ಅಳಿಯನ ಹೊಸ ಬಸ್ಸಿನಲ್ಲಿ ಧಾರವಾಡದ ಮದುವೆಗೆ ಹೋಗುತ್ತೇನೆಂದು ಅವರು ಊರಿಗೆಲ್ಲ ಹೇಳಿದ್ದರು. ಹತ್ತಿಸಿ ಕಳಿಸಲು ಊರೇ ಬಂದಿತ್ತು. ನನ್ನ ಕೈ ಗಂಟೆಯ ಹಗ್ಗಕ್ಕೆ ಹೋಯಿತು.

"ಗಂಟಿ ಮುಟ್ಟಬ್ಯಾಡ ತಮ್ಮಾ. ಇವರಿಗೆ ನಿಂತ್ರ ಮುಂದಿನ ಹಳ್ಳ್ಯಾಗ ಯಾರಿಗೆ ಒಲ್ಲೆ ಅನ್ನಲಿ?"

ಒಂದು ಕೈ ಹಣೆಗೆ ಒಯ್ದು ಸಲಾಂ ಮಾಡಿದ. ಬಸ್ಸು ಹೋಗಿಯೇಬಿಟ್ಟಿತು. ಹಿಂದಿರುಗಿ ನೋಡಿದರೆ ಧೂಳು. ಧೂಳಿನ ನಡುವೆ ಕೊಡೆ ಇನ್ನೂ ಮೇಲೆಯೇ ಇತ್ತು.

ಹತ್ತು ಇಪ್ಪತ್ತಕ್ಕೆ ಧಾರವಾಡ. ಟ್ರಂಕು ಹೆಗಲಿಗೇರಿಸಿ ನಾನು ಮುಂದೆ ಓಡಿದೆ, ಶೇವಂತಿ ಹಿಂದೆ. ತರಬೇತಿ ಶಾಲೆಯ ಗುಮಾಸ್ತ ಗಡಿಯಾರ ನೋಡಿದ, ಅವಳನ್ನು ನೋಡಿದ, ಹೆಸರು ಬರೆದುಕೊಂಡ. ಅವಳು ಏನೋ ಕೊಂಕಣಿಯಲ್ಲಿ ಅಂದು ಅಳತೊಡಗಿದಳು. ನನಗೆ ಕೊಂಕಣಿ ಬಾರದು, ಆದರೂ ತಿಳಿಯಿತು.

ಇತ್ತ ದಾವಲಣ್ಣನ ಮನೆಯಲ್ಲಿ ಹೆಂಡತಿ ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ. ಎಂಟು ದಿನ ಹಾಗೇ. "ಆ ಹುಡುಗಿ ವಿಷಯ ಹೇಳಬಾರದೇನಣ್ಣಾ?" ಅಂದೆ. "ಹುಡುಗಿ ಇರಲಿಲ್ಲಂದ್ರ ನಿಲ್ಲಿಸ್ತಿದ್ದೆ ಅಂದಂಗಾಗತೈತಿ. ಬ್ಯಾಡ" ಅಂದ.

ನನಗೆ ತಡೆಯಲಿಲ್ಲ. ರಜೆಯ ದಿನ ಅವನಿಗೆ ತಿಳಿಸದೆ ಮಾವನ ಮನೆಗೆ ಹೋಗಿ ಎಲ್ಲ ಹೇಳಿದೆ. ಹಿರಿಯರು ಗಡ್ಡ ಸವರುತ್ತ ಕೇಳಿದರು:

"ಆ ಪೋರಿ ಮುಟ್ಟಿದಳೋ ಇಲ್ಲೋ?"

"ಮುಟ್ಟಿದಳ್ರಿ."

"ಹ್ಞೂಂ" ಅಂದು ಒಳಗೆ ಎದ್ದುಹೋದರು. ನಾನು ಚಹಾ ಕೂಡ ಇಲ್ಲದೆ ಬಂದೆ.

ಮರುದಿನ ಹಳಿಯಾಳ ಸ್ಟ್ಯಾಂಡಿಗೆ ಬಸ್ಸು ಬಂದಾಗ, ಎರಡು ಮೈಲಿ ಹಿಂದಕ್ಕೆ ನಡೆದು ಬಂದ ಅದೇ ಹಿರಿಯರು ಸಾಲಿನಲ್ಲಿ ನಿಂತಿದ್ದರು. ಟಿಕೀಟು ತೆಗೆಸಿ, ಮುಂದಿನ ಸೀಟಿನಲ್ಲಿ ಕೂತು, ಪಕ್ಕದವನಿಗೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ಇದು ನಮ್ಮ ಅಳಿಯಾನ ಬಸ್ಸು. ನನಗೂ ನಿಲ್ಲೂದಿಲ್ಲ ಮತ್ತ!"

ದಾವಲಣ್ಣನ ಕಿವಿ ಹಿಂದಿನಿಂದಲೂ ಕೆಂಪಗೆ ಕಂಡಿತು.

ತಿಂಗಳಾದ ಮೇಲೆ ಬಸ್ಸು ಕಾಯಂ ಆಯಿತು. ಮರುವರ್ಷ ಮುಂಡಗೋಡ ದಾಟಿ ಮಳಗಿಯವರೆಗೆ ಇನ್ನೊಂದು ಡೈರೆಕ್ಟ್ ಬಸ್ಸು ಬಿಟ್ಟರು. ಶೇವಂತಿಬಾಯಿ ಜೊಯಿಡಾ ಕಡೆಯ ಶಾಲೆಗಳಲ್ಲಿಯೇ ಕಲಿಸಿ ನಿವೃತ್ತರಾದರು. ದಾವಲಣ್ಣ ಈಗಿಲ್ಲ.

ಮಧ್ಯಾಹ್ನ ಮೊಮ್ಮಗಳು ನನ್ನದೊಂದು ಫಾರ್ಮು ತುಂಬುತ್ತಿದ್ದಳು. ಉದ್ಯೋಗ ಎಂಬಲ್ಲಿಗೆ ಬಂದಳು. ಇಷ್ಟು ವರ್ಷ ಅಲ್ಲಿ "ನಿವೃತ್ತ" ಎಂದಷ್ಟೇ ಬರೆಸಿದವನು ನಾನು. ಇವತ್ತು ಅವಳ ಕೈ ತಡೆದೆ.

"ಕಂಡಕ್ಟರ್ ಅಂತ ಬರಿಯವಾ. ದೊಡ್ಡ ಅಕ್ಷರದಾಗ ಬರಿ."