ತಣ್ಣಗಾದಾಗ ಬಿರಿಯುವ ಪದರ

ನಾನು ಸಂಶೋಧನೆಗೆ ಹೋಗಿದ್ದೇ ಎರಡು ವಸ್ತುಗಳನ್ನು ಕೂಡಿಸಲಿಕ್ಕೆ. ಒಂದು ಸಿಲಿಕಾನ್ ಎಂಬ ಅರೆವಾಹಕ. ಮೊಬೈಲಿನ ಚಿಪ್ಪುಗಳೆಲ್ಲ ಅದರವೇ. ಇನ್ನೊಂದು ಅತಿವಾಹಕ. ವಿಪರೀತ ತಣಿಸಿದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಎರಡೂ ಒಂದೇ ಚಿಪ್ಪಿನಲ್ಲಿ ಸೇರಿದರೆ ಕಂಪ್ಯೂಟರುಗಳು ಈಗಿನಂತೆ ಬಿಸಿಯಾಗುವುದಿಲ್ಲ ಎಂದು ನಂಬಿದ್ದೆವು. ಆದರೆ ತಣ್ಣಗಾಗುವಾಗ ಅವೆರಡೂ ಒಂದೇ ಸಮ ಕುಗ್ಗುವುದಿಲ್ಲ. ಸಿಲಿಕಾನ್ ಮೇಲೆ ನಾನು ಕೂರಿಸಿದ ಅತಿವಾಹಕದ ಪದರ ಮತ್ತೆ ಮತ್ತೆ ಬಿರಿಯುತ್ತಿತ್ತು. ಒಂದೇ ಒಂದು ತುಣುಕು ಮಾತ್ರ ಬಿರಿಯದೆ ಉಳಿಯಿತು. ಅಂಥದ್ದು ಮತ್ತೆ ಕೈಗೂಡಲಿಲ್ಲ. ಗುರುಗಳು ನಿವೃತ್ತರಾದರು, ಪ್ರಯೋಗಾಲಯಕ್ಕೆ ಬೀಗ ಬಿತ್ತು. ಆ ತುಣುಕನ್ನು ಜೊತೆಗಿಟ್ಟುಕೊಂಡು ಹಿರೇಕೆರೂರಿಗೆ ಬಂದೆ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ.

ಕಳೆದ ವರ್ಷ ಅತಿವಾಹಕದ ಪಾಠದ ನಡುವೆ ಮಾಸೂರಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಮೇಡಂ, ಇದನ್ನ ನೀವು ಕಣ್ಣಾರೆ ನೋಡೀರೇನ್ರಿ?"

"ನೋಡೇನಿ. ನಿಮಗೂ ತೋರಸ್ತೇನಿ," ಎಂದುಬಿಟ್ಟೆ.

ತಣಿಸಲು ದ್ರವ ನೈಟ್ರೋಜನ್ ಬೇಕು. ನಮ್ಮ ಕಡೆ ಅದಿರುವುದು ದನದ ದವಾಖಾನೆಯಲ್ಲಿ. ಹೋರಿಯ ವೀರ್ಯವನ್ನು ಅದರಲ್ಲಿ ಕಾಪಿಡುತ್ತಾರೆ. ಹಂಸಭಾವಿಗೆ ಹೋಗಿ ಕೇಳಿದಾಗ ಡಾಕ್ಟರರು ನಕ್ಕರು.

"ಇದು ಎಮ್ಮಿ-ಆಕಳಿಗೆ ಇಟ್ಟಿದ್ದು ರೀ. ನಿಮಗ್ಯಾಕ ಬೇಕು?"

ಹೇಳಿದೆ. ಅರ್ಥವಾಯಿತೋ ಇಲ್ಲವೋ, ಫ್ಲಾಸ್ಕಿಗೆ ಸುರಿದುಕೊಟ್ಟರು. "ಮುಚ್ಚಳ ಬಿಗಿ ಮಾಡಬ್ಯಾಡ್ರಿ ಮತ್ತ, ಸಿಡಿತೈತಿ."

ತರಗತಿಯಲ್ಲಿ ಎಲ್ಲರೂ ಮೇಜಿನ ಸುತ್ತ ನೆರೆದರು. ತುಣುಕಿಗೆ ತಂತಿ ಜೋಡಿಸಿ ಬಟ್ಟಲಿನಲ್ಲಿಟ್ಟು ನೈಟ್ರೋಜನ್ ಸುರಿದೆ. ಬಿಳಿ ಹೊಗೆ ಎದ್ದಾಗ ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣೆಲ್ಲ ಮೀಟರಿನ ಮೇಲೆ. ತಡೆಯನ್ನು ತೋರಿಸುವ ಅಂಕಿ ಒಮ್ಮೆಲೇ ಕುಸಿಯಬೇಕಿತ್ತು. ಅದು ಏರತೊಡಗಿತು. ಏರಿ ಏರಿ, ಕಡೆಗೆ ಪದರ ಬಿರಿದು ಸಂಪರ್ಕವೇ ಕಡಿದುಹೋಯಿತು. ಇಲ್ಲಿಯ ಮಳೆಗಾಲದ ತೇವ ಪದರವನ್ನು ಆಗಲೇ ತಿಂದಿತ್ತೇನೋ.

"ಇನ್ನೂ ತಣ್ಣಗಾಗಬೇಕೇನ್ರಿ ಮೇಡಂ?" ಆ ಹುಡುಗಿಯೇ ಕೇಳಿದಳು.

"ಇಲ್ಲವ್ವಾ. ಆಗೋದೆಲ್ಲ ಆಗೇತಿ."

ಬಸ್ಸಿನ ಹೊತ್ತಾಯಿತೆಂದು ಒಬ್ಬೊಬ್ಬರೇ ಚೀಲ ಎತ್ತಿಕೊಂಡರು. ಬಟ್ಟಲು ಒಣಗುವವರೆಗೆ ನಾನು ಅಲ್ಲೇ ಕುಳಿತಿದ್ದೆ. ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು.

ಈ ವರ್ಷ ಭೌತಶಾಸ್ತ್ರಕ್ಕೆ ಯಾರೂ ಸೇರಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ ವಿಚಾರಿಸಿದೆ. ಅಲ್ಲೂ ಅದೇ ಮಾತು. ಈಗ ಸವಣೂರಿನ ತವರುಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಏನು ಓದಿದ್ದೀರಿ ಎಂದು ಅವರ ತಾಯಂದಿರು ಕೇಳಿದರೆ ಬಿ.ಎಸ್ಸಿ. ಎನ್ನುತ್ತೇನೆ. ಅದಕ್ಕಿಂತ ಮುಂದಿನದನ್ನು ಹೇಳುವ ಮನಸ್ಸಾಗುವುದಿಲ್ಲ.